ನಾಯಿಯ ಹಲ್ಲು ತಾಕಿದಾಗ

ಹೋದ ತಿಂಗಳು ನಮ್ಮ ನೆರೆಮನೆಯ ಎಂಟು ವರುಷದ ಹುಡುಗನ ಮೀನಖಂಡವನ್ನು ಬೀದಿಯ ನಾಯಿಮರಿಯೊಂದು ರಕ್ತ ಬರುವಂತೆ ಕಚ್ಚಿತು. ಬೈಗುಳಕ್ಕೆ ಹೆದರಿ ಹುಡುಗನು ಎರಡು ದಿನ ಬಾಯಿಬಿಡಲಿಲ್ಲ. ತಿಳಿದೊಡನೆ ಅವನ ಅಜ್ಜಿಯು ಸುಣ್ಣವನ್ನೂ ಮೆಣಸಿನಪುಡಿಯನ್ನೂ ಕಲಸಿ ಹಚ್ಚಹೊರಟರು. ನಾವು ತಡೆಯಲು, "ಮರಿಗೆ ಹುಚ್ಚೆಲ್ಲಿಂದ ಬಂತು, ಮೇಷ್ಟ್ರೇ?" ಎಂದು ಕೇಳಿದರು. ಮರಿಗೂ ಬರುವುದುಂಟು, ಬೆಕ್ಕು, ಕೋತಿ, ನರಿಗಳಿಗೂ ಬರುವುದುಂಟು.

ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಅಲರ್ಕವಿಷವೆಂಬ ಹೆಸರಿನಿಂದ ಈ ರೋಗದ ವರ್ಣನೆಯಿರುವುದು. ನೀರನ್ನು ಕಂಡರೆ, ನೀರಿನ ಸದ್ದನ್ನು ಕೇಳಿದರೆ ರೋಗಿಯು ಬೆದರುವುದನ್ನು ಜಲತ್ರಾಸವೆಂದು ಕರೆದು, ಆ ಲಕ್ಷಣ ತೋರಿದವನು ಬದುಕುವುದಿಲ್ಲವೆಂದು ಅಲ್ಲಿ ಹೇಳಿದೆ. ಇಂದಿನ ವೈದ್ಯರ ಮಾತೂ ಹೆಚ್ಚುಕಡಿಮೆ ಅದೇ. ಆದರೆ ಕಾದ ತುಪ್ಪದಿಂದ ಗಾಯವನ್ನು ಸುಡಬೇಕೆಂದು ಅದೇ ಗ್ರಂಥ ಹೇಳುವುದನ್ನು ಈಗ ಅನುಸರಿಸಕೂಡದು. ಹಳೆಯದರಲ್ಲಿ ನಮಗೆ ಎಷ್ಟೇ ಅಭಿಮಾನವಿದ್ದರೂ ಇದನ್ನು ಹೇಳಲೇಬೇಕಾಗಿದೆ.

ರೋಗದ ವಿಷಾಣುವು ಪ್ರಾಣಿಯ ಜೊಲ್ಲಿನಲ್ಲಿರುವುದು. ಗಾಯದಿಂದ ಒಳಹೊಕ್ಕು, ನರಗಳ ಹಾದಿಯಲ್ಲಿ ಮೆಲ್ಲಮೆಲ್ಲನೆ ಮಿದುಳಿಗೆ ಏರುವುದು. ಇದಕ್ಕೆ ಸಾಮಾನ್ಯವಾಗಿ ವಾರಗಳು, ತಿಂಗಳುಗಳು ಹಿಡಿಯುವುವು. ಅದು ಮಿದುಳನ್ನು ಮುಟ್ಟುವುದರೊಳಗೆ ಚುಚ್ಚುಮದ್ದಿನ ಬಲವು ಮೈಯಲ್ಲಿ ಹುಟ್ಟಬೇಕು. 1885ನೆಯ ಜುಲೈ 6ರಂದು ಪ್ಯಾರಿಸಿನಲ್ಲಿ ಲೂಯಿ ಪಾಸ್ಚರನ ಬಳಿಗೆ ಬಂದ ಒಂಬತ್ತು ವರುಷದ ಜೋಸೆಫ್ ಮೈಸ್ಟರನಿಗೂ ನಾಯಿ ಕಚ್ಚಿ ಎರಡು ದಿನವಾಗಿತ್ತು; ಅವನು ಬದುಕಿದನು. ಈ ಸಂಗತಿಯನ್ನು ಹೇಳಿದ ಮೇಲೆಯೇ ಅಜ್ಜಿಯ ಕೈಯಿಂದ ಸುಣ್ಣದ ಬಟ್ಟಲು ಕೆಳಗಿಳಿಯಿತು.

ವಿಷಾಣುವಿನ ಹೊರಪೊರೆಯು ಕೊಬ್ಬಿನಿಂದಾದುದು, ಸಾಬೂನಿಗೆ ಕರಗತಕ್ಕದ್ದು. ಆದುದರಿಂದ ಕಚ್ಚಿದ ಕೂಡಲೇ ಗಾಯವನ್ನು ನಲ್ಲಿಯ ಕೆಳಗೆ ಹಿಡಿದು ಸಾಬೂನು ಹಚ್ಚಿ ಪೂರ್ತಿ 15 ನಿಮಿಷ ತೊಳೆಯತಕ್ಕದ್ದು. ತಡವಾಗಿ ತಿಳಿದರೂ ತೊಳೆಯುವುದನ್ನು ಬಿಡಬಾರದು. ನಾವೂ ಹಾಗೆಯೇ ತೊಳೆಸಿ ಆಸ್ಪತ್ರೆಗೆ ಕರೆದೊಯ್ದೆವು. ರಕ್ತ ಬಂದಿದ್ದುದರಿಂದ ಗಾಯದೊಳಕ್ಕೇ ಬೇರೊಂದು ಪ್ರತಿವಿಷದ ಮದ್ದನ್ನೂ ಚುಚ್ಚಿದರು. ನಮ್ಮ ಬಾಲ್ಯದಲ್ಲಿ ಹೊಟ್ಟೆಗೆ 14 ಸೂಜಿಗಳೆಂದರೆ ಊರೇ ನಡುಗುತ್ತಿತ್ತು. ಆ ಮದ್ದು ಈಗಿಲ್ಲ. ಈಗ ತೋಳಿಗೆ, ಮೊದಲ ದಿನ ಹಾಕಿ, ಅಲ್ಲಿಂದ 3, 7, 28ನೆಯ ದಿನಗಳಲ್ಲಿ ಮತ್ತೆ ಹಾಕುವರು. ಇನ್ನೊಂದು ಕ್ರಮದಲ್ಲಿ 14ನೆಯ ದಿನವೂ ಸೇರುವುದು.

ಕಚ್ಚಿದ ನಾಯಿಯನ್ನು ಹತ್ತು ದಿನ ನೋಡುವ ಪದ್ಧತಿಯೇನೋ ಇದೆ. ಆದರೆ ನೋಡುತ್ತ ಸೂಜಿಯನ್ನು ಮುಂದೂಡಲಾಗದು. ನಮ್ಮ ಬೀದಿಯಲ್ಲಂತೂ ಆ ಮರಿ ಯಾವುದೆಂಬುದೇ ಪತ್ತೆಯಾಗಲಿಲ್ಲ. ಬೀದಿನಾಯಿಗಳನ್ನೆಲ್ಲ ಕೊಲ್ಲಿಸಬೇಕೆಂದು ಕೆಲವರು ಕೂಗಾಡಿದರು. ಕೊಂದರೆ ಬೇರೆ ನಾಯಿಗಳು ಬಂದು ಸೇರುವುವು. ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ಚುಚ್ಚುಮದ್ದು ಹಾಕಿಸುತ್ತ ಬಂದರೆ ರೋಗವೇ ಅಡಗುವುದು.

ಹುಡುಗನಿಗೆ ಕೊನೆಯ ಸೂಜಿ ಬರುವ ಮಂಗಳವಾರ. ಕರೆದೊಯ್ಯುವ ಕೆಲಸವನ್ನು ಅಜ್ಜಿಯೇ ವಹಿಸಿಕೊಂಡಿರುವರು.