‘ಬರೀ ತೋಳು ಇಡ್ಲಿಕ್ಕೆ ಇಷ್ಟು ದುಡ್ಡಾ?’

ಈ ಪ್ರಶ್ನೆಯನ್ನು ನಾನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. ನನ್ನ ಅಮ್ಮ ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ, ಮನೆಯ ಜಗಲಿಯಲ್ಲೇ ಮೆಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಾರೆ. ಪ್ರಶ್ನೆ ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಮಾತ್ರ ಅದೇ. ಈ ಸಲ ಅದಕ್ಕೆ ಉತ್ತರ ಬರೆದೇಬಿಡೋಣ ಅನಿಸಿತು.

ಹೋದ ವರ್ಷದ ಮಾತು. ನಮ್ಮ ಕಡೆ ಕ್ಯಾಥೊಲಿಕ್ ಮನೆಗಳಲ್ಲಿ ಕ್ರಿಸ್ಮಸ್ ಕಳೆದು ತಪಸ್ಸು ಕಾಲ ಶುರುವಾಗುವುದರೊಳಗೆ ಮದುವೆಗಳ ಸಾಲು. ಒಂದು ಮಂಗಳವಾರ ಸಂಜೆ ದೊಡ್ಡ ಕವರೊಂದು ನಮ್ಮ ಜಗಲಿಗೆ ಬಂತು. ಒಳಗೆ ಬಿಳಿ ಗೌನು. ಮದುಮಗಳ ಅಣ್ಣ ದುಬೈಯಿಂದ ಕಳಿಸಿದ್ದು. ಹೆಗಲಿಗೆ ಪಟ್ಟಿ ಇಲ್ಲ, ತೋಳೂ ಇಲ್ಲ, ಬಟ್ಟೆ ಶುರುವಾಗುವುದೇ ಎದೆಯ ಮೇಲಿಂದ. ಸ್ಟ್ರಾಪ್‌ಲೆಸ್ ಅನ್ನುತ್ತಾರಲ್ಲ, ಅದು. ಮದುವೆ ಶನಿವಾರ.

“ಚರ್ಚಿನಲ್ಲಿ ಇದು ನಡೆಯೋದಿಲ್ಲ. ತೋಳು ಇಟ್ಟು ಕೊಡಿ. ಶುಕ್ರವಾರ ಬೆಳಿಗ್ಗೆ ಬರ್ತೇವೆ, ಸಂಜೆ ರೋಸ್ ಉಂಟು” ಅಂದರು ಜೊತೆಗೆ ಬಂದ ದೊಡ್ಡಮ್ಮ. ಅಮ್ಮ 1,200 ರೂಪಾಯಿ ಆಗುತ್ತದೆ ಅಂದಾಗ ಆ ಪ್ರಶ್ನೆ ಬಂತು. ಕೊನೆಗೆ ಶುಕ್ರವಾರ ಅವರು ಕೊಟ್ಟು ಹೋದದ್ದು 450. ಅಮ್ಮ ತೆಗೆದುಕೊಂಡರು. ಮದುವೆ ಮನೆ, ಗಲಾಟೆ ಯಾಕೆ ಅಂದರು.

ಆ ಮನೆಯವರು ಕೆಟ್ಟವರಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ‘ಬರೀ’ ಅನ್ನುವ ಪದದ ಮೇಲೆ. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಅನ್ನದೆ ಎಲ್ಲರೂ ಟೈಲರ್ ಮುಂದೆ ಈ ಪದ ಬಳಸುತ್ತೇವೆ. ಬರೀ ಸೈಡ್ ಬಿಡಿಸಿ ಕೊಡಿ. ಬರೀ ಉದ್ದ ಕಡಿಮೆ ಮಾಡಿ. ಬರೀ ತೋಳು ಇಡಿ.

ಈ ‘ಬರೀ’ ಎಲ್ಲಿಂದ ಬಂತು ಗೊತ್ತೇ? ರೆಡಿಮೇಡ್ ರವಿಕೆಯಿಂದ. ಅಂಗಡಿಯಲ್ಲಿ ತಂದ ತೋಳಿಲ್ಲದ ರವಿಕೆಯ ಒಳಗೆ ಅದೇ ಬಟ್ಟೆಯ ಎರಡು ತುಂಡು ಇಟ್ಟಿರುತ್ತಾರೆ. ಬೇಕಾದವರು ತೋಳು ಮಾಡಿಸಿಕೊಳ್ಳಲಿ ಅಂತ. ಅಲ್ಲಿ ಹೆಗಲು ಇದೆ, ಕಂಕುಳ ಸುತ್ತು ಇದೆ, ಬಣ್ಣ ಹೊಂದುವ ಬಟ್ಟೆಯೂ ಇದೆ. ಕೆಲಸ ಬೇಗ ಮುಗಿಯುತ್ತದೆ. ಅದನ್ನು ನೋಡಿದವರು ಗೌನಿಗೂ ಹಾಗೇ ಅಂದುಕೊಳ್ಳುತ್ತಾರೆ.

ಆದರೆ ಸ್ಟ್ರಾಪ್‌ಲೆಸ್ ಗೌನಿಗೆ ಹೆಗಲೇ ಇಲ್ಲ. ಹೆಗಲಿಲ್ಲದ ಬಟ್ಟೆಗೆ ತೋಳು ಇಡಿ ಅನ್ನುವುದು, ಗೋಡೆ ಕಟ್ಟದ ಜಾಗದಲ್ಲಿ ಬಾಗಿಲು ನಿಲ್ಲಿಸಿ ಅಂದ ಹಾಗೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ರವಿಕೆಯ ಭಾರ ಹೆಗಲ ಮೇಲೆ ನಿಲ್ಲುತ್ತದೆ. ಸ್ಟ್ರಾಪ್‌ಲೆಸ್ ಗೌನು ನಿಲ್ಲುವುದು ಸೊಂಟದ ಮೇಲೆ. ಎದೆಯಿಂದ ಸೊಂಟದವರೆಗೆ ಒಳಗೆ ಪ್ಲಾಸ್ಟಿಕ್ ಕಡ್ಡಿಗಳನ್ನು ಹೊಲಿದಿರುತ್ತಾರೆ. ಒಳ್ಳೆಯ ಗೌನಾದರೆ ಸೊಂಟದ ಒಳಗೆ ಗಟ್ಟಿ ರಿಬ್ಬನ್ ಪಟ್ಟಿಯೂ, ಅದಕ್ಕೆ ಹುಕ್ಕೂ ಇರುತ್ತದೆ. ಆ ಪಟ್ಟಿ ಬಿಗಿದಾಗ ಗೌನು ಜಾರದೆ ನಿಲ್ಲುತ್ತದೆ. ಮೇಲಿನ ಅಂಚಿಗೆ ಭಾರ ಹೊರುವ ಕೆಲಸ ಕೊಟ್ಟೇ ಇಲ್ಲ.

ಈಗ ಆ ಅಂಚಿಗೆ ನೇರವಾಗಿ ತೋಳು ಹೊಲಿದರೆ ಏನಾಗುತ್ತದೆ? ಕೈ ಕೆಳಗಿದ್ದಾಗ ತೋಳಿನ ಭಾರ ಅಂಚನ್ನು ಜಗ್ಗುತ್ತದೆ. ಕೈ ಎತ್ತಿದಾಗ ಗೌನಿನ ಮೈಯೇ ಮೇಲೆ ಬರುತ್ತದೆ. ಮದುಮಗಳು ಉಂಗುರ ತೊಡಿಸಬೇಕು, ಕೇಕ್ ಕತ್ತರಿಸಬೇಕು, ನೂರಾರು ಜನರ ಕೈ ಕುಲುಕಬೇಕು, ಬ್ಯಾಂಡಿಗೆ ಕುಣಿಯಬೇಕು. ಪ್ರತಿ ಸಲ ಎರಡು ಕೈಯಿಂದ ಗೌನು ಎಳೆದುಕೊಳ್ಳುತ್ತಾ ನಿಲ್ಲಬೇಕಾಗುತ್ತದೆ. ಅಂಥ ಮದುಮಗಳನ್ನು ನೀವೂ ನೋಡಿರಬಹುದು. ಅದು ಅವಳ ನಾಚಿಕೆ ಅಲ್ಲ, ಅವಸರದ ಹೊಲಿಗೆ.

ಹಾಗಾಗಿ ತೋಳು ಇಡುವ ಮೊದಲು ಹೆಗಲು ಕಟ್ಟಬೇಕು. ಅಂಚಿನಿಂದ ಕುತ್ತಿಗೆಯವರೆಗೆ ತೆಳು ನೆಟ್ ಬಟ್ಟೆ ಏರಿಸಬೇಕು, ಮುಂದೆ ಒಂದು ತುಂಡು, ಹಿಂದೆ ಎರಡು. ಹೆಗಲ ಮೇಲೆ ಅವನ್ನು ಜೋಡಿಸಬೇಕು. ಆಮೇಲೆ ಕಂಕುಳ ಸುತ್ತು ಗುರುತು ಮಾಡಬೇಕು. ಆಮೇಲೆ ತೋಳು. ಇಷ್ಟಾದರೂ ಮುಗಿಯಲಿಲ್ಲ. ಗೌನಿನ ಜಿಪ್ ಬೆನ್ನಿನ ಅರ್ಧಕ್ಕೆ ನಿಲ್ಲುತ್ತದೆ. ಕುತ್ತಿಗೆಯವರೆಗೆ ನೆಟ್ ಬಂದ ಮೇಲೆ ಅಲ್ಲಿಯೂ ಬಾಯಿ ಬಿಡಿಸಿ ಗುಂಡಿ, ಕುಣಿಕೆ ಇಡದಿದ್ದರೆ ಗೌನನ್ನು ಹಾಕಿಕೊಳ್ಳುವುದೇ ಆಗುವುದಿಲ್ಲ.

ಬಣ್ಣದ ಕಥೆ ಬೇರೆ. ಬಿಳಿ ಅಂದರೆ ಒಂದೇ ಬಿಳಿ ಅಲ್ಲ. ಹಾಲಿನ ಬಿಳಿ, ಕೆನೆ ಬಿಳಿ, ದಂತದ ಬಿಳಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಅನಿಸಿದ್ದು ಹೊರಗೆ ಬಿಸಿಲಿನಲ್ಲಿ ಎರಡಾಗಿ ಕಾಣುತ್ತದೆ. ಬುಧವಾರ ಅಮ್ಮ ಗೌನಿನ ಒಳಮಡಿಕೆಯಿಂದ ಒಂದು ಚೂರು ತೆಗೆದುಕೊಂಡು ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ, ಅಂಗಡಿಯಿಂದ ನೆಟ್ ಹೊರಗೆ ತಂದು ಹಗಲು ಬೆಳಕಿನಲ್ಲಿ ಹಿಡಿದು ನೋಡಿ ತಂದರು. ಅರ್ಧ ದಿನ ಹೋಯಿತು. ಇನ್ನು ಸ್ಯಾಟಿನ್ ಬಟ್ಟೆಯಲ್ಲಿ ಒಮ್ಮೆ ಸೂಜಿ ಇಳಿದರೆ ತೂತು ಉಳಿಯುತ್ತದೆ. ತಪ್ಪಾಯಿತು, ಬಿಚ್ಚಿ ಹೊಲಿಯೋಣ ಅನ್ನುವ ಹಾಗಿಲ್ಲ. ಪಾಲಿಯೆಸ್ಟರ್ ಆದರೆ ಇಸ್ತ್ರಿ ಸ್ವಲ್ಪ ಬಿಸಿ ಹೆಚ್ಚಾದರೂ ಕರಗುತ್ತದೆ.

ಆ ಗೌನಿನ ಲೆಕ್ಕವನ್ನು ಅಮ್ಮನ ಜೊತೆ ಕೂತು ಬರೆದೆ. ಲೈನಿಂಗ್ ಮತ್ತು ಮೇಲಂಚು ಬಿಚ್ಚಲು 2 ಗಂಟೆ. ಹಳೆಯ ಕಾಟನ್ ಬಟ್ಟೆಯಲ್ಲಿ ಅಳತೆ ಹೊಲಿದು ನೋಡಲು 2. ನೆಟ್ ಕತ್ತರಿಸಿ ಕಚ್ಚಾ ಹೊಲಿಗೆ ಹಾಕಲು 2. ಮದುಮಗಳಿಗೆ ತೊಡಿಸಿ ನೋಡಲು 1. ಮೆಷಿನ್ ಹೊಲಿಗೆ 3. ಜೋಡಿಸಿದ ಗೆರೆ ಕಾಣದಂತೆ ಲೇಸಿನ ಹೂಗಳನ್ನು ಒಂದೊಂದಾಗಿ ಕೈಯಲ್ಲಿ ಹೊಲಿಯಲು 7. ಲೈನಿಂಗ್ ಮುಚ್ಚಿ ಇಸ್ತ್ರಿ ಮಾಡಲು 1. ಒಟ್ಟು 18 ಗಂಟೆ. ಮಂಗಳೂರಿನ ಬಸ್ಸು ಇದರಲ್ಲಿ ಸೇರಿಲ್ಲ.

450 ರೂಪಾಯಿಗೆ 18 ಗಂಟೆ. ಗಂಟೆಗೆ 25 ರೂಪಾಯಿ. 8 ಗಂಟೆಯ ದಿನಕ್ಕೆ 200. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ಕರ್ನಾಟಕದ ದಿನಗೂಲಿ 370 ರೂಪಾಯಿ. ಗುಂಡಿ ತೋಡುವ ಕೆಲಸ ಕಡಿಮೆ ಅಂತ ನಾನು ಹೇಳುತ್ತಿಲ್ಲ. ಹತ್ತಾರು ವರ್ಷ ಕಲಿತ ಕೈಗೆ ಅದರಷ್ಟೂ ಸಿಗುವುದಿಲ್ಲ ಅಂತ ಹೇಳುತ್ತಿದ್ದೇನೆ. ಕರೆಂಟು, ದಾರ, ಸೂಜಿ, ಮೆಷಿನ್ ಎಣ್ಣೆ ಎಲ್ಲವೂ ಆ 200ರಲ್ಲೇ.

ಈಗ ಫೋನಿನಲ್ಲಿ ತೋರಿಸುತ್ತಾರಲ್ಲ, “ಹೀಗೆ ಲೇಸಿನ ಉದ್ದ ತೋಳು ಬೇಕು” ಅಂತ, ಆ ಮಾದರಿ ಜಗತ್ತಿಗೆಲ್ಲ ಹಬ್ಬಿದ್ದರಲ್ಲಿ 2011ರ ಏಪ್ರಿಲ್ 29ರಂದು ಲಂಡನ್ನಿನಲ್ಲಿ ನಡೆದ ಕೇಟ್ ಮಿಡಲ್‌ಟನ್ ಮದುವೆಯ ಪಾಲು ದೊಡ್ಡದು. ಅವರ ಗೌನಿನ ಲೇಸು ಹೊಲಿದವರು ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್‌ನ ಕಸೂತಿಗಾರರು. ಬಟ್ಟೆ ಕೊಳೆಯಾಗಬಾರದು ಅಂತ ಅರ್ಧ ಗಂಟೆಗೊಮ್ಮೆ ಕೈ ತೊಳೆಯುತ್ತಿದ್ದರು, ಮೂರು ಗಂಟೆಗೊಮ್ಮೆ ಸೂಜಿ ಬದಲಿಸುತ್ತಿದ್ದರು. ಆ ಚಿತ್ರವನ್ನು ನಮ್ಮ ಹಳ್ಳಿಯ ಜಗಲಿಗೆ ತಂದು, ಮೂರು ರಾತ್ರಿಯಲ್ಲಿ ಅದೇ ಬೇಕು, 450 ರೂಪಾಯಿಗೆ ಬೇಕು ಅಂತೀರಿ. ಚಿತ್ರ ನೋಡುವುದಾದರೆ ಅದರ ಹಿಂದಿನ ಕೈಗಳನ್ನೂ ಸ್ವಲ್ಪ ನೋಡಿ.

ಬೆಂಗಳೂರು, ಮಂಡ್ಯ, ರಾಮನಗರ ಕಡೆಯ ಗಾರ್ಮೆಂಟ್ಸ್‌ನಲ್ಲಿ ದುಡಿದವರನ್ನು ಕೇಳಿ ನೋಡಿ. ಅಲ್ಲಿ ತೋಳು ಜೋಡಿಸಲು ಎಷ್ಟು ನಿಮಿಷ ಅಂತ ಲೆಕ್ಕ ಇರುತ್ತದೆ. ಆ ಲೆಕ್ಕವನ್ನು ಕೆಲಸಗಾರರನ್ನು ಓಡಿಸಲು ಬಳಸುತ್ತಾರೆ, ಅದು ಬೇರೆ ಜಗಳ. ಆದರೆ ಹೊಲಿಗೆಗೆ ಸಮಯ ಬೇಕು ಅಂತ ಕಾರ್ಖಾನೆಯ ಮಾಲೀಕನಾದರೂ ಒಪ್ಪುತ್ತಾನೆ. ಮನೆಯ ಜಗಲಿಯಲ್ಲಿ ಹೊಲಿಯುವ ಹೆಂಗಸಿನ ಸಮಯಕ್ಕೆ ಮಾತ್ರ ಲೆಕ್ಕವೇ ಇಲ್ಲ. ಹೇಗೂ ಮನೆಯಲ್ಲೇ ಇರುತ್ತಾರಲ್ಲ ಅನ್ನುವುದು ನಮ್ಮ ಲೆಕ್ಕ.

ಇನ್ನೊಂದು ವಿಷಯ. ಆ ಸಂಜೆ ಜಗಲಿಯಲ್ಲಿ ದೊಡ್ಡಮ್ಮ ಮಾತಾಡಿದರು, ತಾಯಿ ಮಾತಾಡಿದರು, ವಿಡಿಯೊ ಕಾಲಿನಲ್ಲಿ ಅಣ್ಣನೂ ಮಾತಾಡಿದ. ಗೌನು ಹಾಕಿಕೊಳ್ಳಬೇಕಾದ ಹುಡುಗಿ ಮಾತ್ರ ಸುಮ್ಮನಿದ್ದಳು. ಅಮ್ಮ ಅವಳನ್ನೇ ಕೇಳಿದರು, “ನಿನಗೆ ಹೇಗೆ ಬೇಕು ಮಗಾ?” ಅವಳು ಮೆಲ್ಲಗೆ ಹೇಳಿದ್ದು ಇಷ್ಟು: “ಚರ್ಚಿಗೆ ಇರಲಿ ಆಂಟಿ, ಹಾಲ್‌ನಲ್ಲಿ ತೆಗೀಲಿಕ್ಕೆ ಆಗ್ತದಾ?”

ಆಗುತ್ತದೆ. ಗೌನಿಗೆ ಕತ್ತರಿ ತಾಗಿಸದೆ ಲೇಸಿನ ಗಿಡ್ಡ ಜಾಕೆಟ್ ಹೊಲಿಯಬಹುದು. ಪೂಜೆಗೆ ಹಾಕಿಕೊಂಡು ಆಮೇಲೆ ತೆಗೆಯಬಹುದು. ಕೆಲಸವೂ ಕಡಿಮೆ, ಖರ್ಚೂ ಕಡಿಮೆ, ಮುಂದೆ ತಂಗಿಗೋ ಗೆಳತಿಗೋ ಗೌನು ಇದ್ದ ಹಾಗೇ ಕೊಡಬಹುದು. ಆದರೆ “ಅದೆಲ್ಲ ಬೇಡ, ಹೊಲಿದೇ ಬಿಡಿ” ಅಂತ ತೀರ್ಮಾನ ಆಯಿತು. ಹುಡುಗಿ ಮತ್ತೆ ಮಾತಾಡಲಿಲ್ಲ.

ತನಗೇ ತೋಳು ಬೇಕು ಅನ್ನುವ ಮದುಮಗಳು ಎಷ್ಟೋ ಇದ್ದಾರೆ. ಅವರ ಇಷ್ಟ, ಸಂತೋಷ. ಪೂಜೆಯ ಜಾಗಕ್ಕೆ ತನ್ನದೇ ಶಿಸ್ತು ಇರುತ್ತದೆ ಅನ್ನುವುದನ್ನೂ ಒಪ್ಪುತ್ತೇನೆ. ಆದರೆ ಆ ಶಿಸ್ತು ಮದುವೆಗೆ ನಾಲ್ಕು ದಿನ ಇರುವಾಗ ಯಾಕೆ ನೆನಪಾಗಬೇಕು? ಮದುವೆಗೆ ಮೊದಲು ಚರ್ಚಿನಲ್ಲಿ ಮೂರು ಭಾನುವಾರ ಘೋಷಣೆ ಮಾಡುವ ಪದ್ಧತಿ ಇದೆ. ಅದಕ್ಕೂ ಮೊದಲು ಮದುವೆ ತಯಾರಿಯ ತರಬೇತಿ ಇದೆ. ಬಟ್ಟೆಯ ನಿಯಮ ಇದ್ದರೆ ಆಗಲೇ ಹೇಳಿಬಿಡಿ. ಗೌನು ಕೊಳ್ಳುವ ಮೊದಲೇ ಹುಡುಗಿಗೆ ಗೊತ್ತಾಗಲಿ. ತಡವಾಗಿ ಹೇಳಿದ ನಿಯಮದ ಭಾರ ಬೀಳುವುದು ಹೇಳಿದವರ ಮೇಲಲ್ಲ. ಅದು ಹುಡುಗಿಯ ಮೇಲೆ ಮತ್ತು ರಾತ್ರಿ ಎರಡು ಗಂಟೆಗೆ ಸೂಜಿಗೆ ದಾರ ಪೋಣಿಸುವ ಹೆಂಗಸಿನ ಮೇಲೆ ಬೀಳುತ್ತದೆ.

ನೀವು ಹೇಳಬಹುದು: ನಮ್ಮ ಹತ್ತಿರವೂ ದುಡ್ಡಿಲ್ಲ, ಮದುವೆಗೆ ಸಾಲ ಮಾಡಿದ್ದೇವೆ. ನಿಜ ಇರಬಹುದು. ಆದರೆ ಹಾಲ್, ಬ್ಯಾಂಡ್, ಡ್ರೋನ್ ಕ್ಯಾಮೆರಾದವರ ಹತ್ತಿರ ಯಾರೂ ‘ಬರೀ ಹಾರಿಸ್ಲಿಕ್ಕೆ ಇಷ್ಟಾ?’ ಅಂತ ಕೇಳುವುದಿಲ್ಲ. ಚೌಕಾಸಿ ಶುರುವಾಗುವುದು ಪರಿಚಯದ ಹೆಂಗಸಿನ ಹತ್ತಿರ. ಅವಳು ನಾಳೆಯೂ ಎದುರು ಸಿಗುತ್ತಾಳೆ, ಜಗಳ ಮಾಡುವುದಿಲ್ಲ ಅನ್ನುವ ಧೈರ್ಯ.

ಟೈಲರ್‌ಗಳೇನು ಕಡಿಮೆಯೇ, ಹೇಳಿದ ದಿನ ಕೊಡುವುದಿಲ್ಲ, ಬಟ್ಟೆ ಹಾಳು ಮಾಡುತ್ತಾರೆ ಅಂತಲೂ ಹೇಳುತ್ತೀರಿ. ಅದೂ ಸುಳ್ಳಲ್ಲ. ಒಪ್ಪಿಕೊಳ್ಳಬಾರದ ಕೆಲಸ ಒಪ್ಪಿಕೊಳ್ಳುತ್ತೇವೆ. ರೇಟು ಮೊದಲೇ ಹೇಳದೆ “ಆಮೇಲೆ ನೋಡುವ” ಅಂತೇವೆ. ನನ್ನ ಅಮ್ಮನೂ ಹಾಗೇ. ಈ ಅಭ್ಯಾಸ ಬಿಡದಿದ್ದರೆ ಯಾರನ್ನು ಬೈದೂ ಪ್ರಯೋಜನ ಇಲ್ಲ. ಹೊಲಿಯುವ ಅಕ್ಕಂದಿರೇ, ಮೊದಲು ಗಂಟೆ ಬರೆಯಿರಿ, ಆಮೇಲೆ ರೇಟು ಹೇಳಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಟೈಲರ್ ಕೂಡ ಒಂದು. ಬಡಗಿ, ಕಮ್ಮಾರ, ಅಕ್ಕಸಾಲಿಗರ ಜೊತೆ ಅದೇ ಸಾಲಿನಲ್ಲಿ ನಮ್ಮ ಹೆಸರಿದೆ. ಉಪಕರಣಕ್ಕೆ 15,000 ರೂಪಾಯಿವರೆಗೆ ಸಹಾಯ, ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ ಇದೆ. ಬಡಗಿ ಬಂದು ಕಿಟಕಿ ಇಟ್ಟರೆ ದಿನದ ಸಂಬಳ ಕೊಡುತ್ತೀರಲ್ಲ, ಇದೂ ಅದೇ ತರಹದ ಕಸುಬು.

ಕೊನೆಗೆ, ಗೌನಿಗೆ ತೋಳು ಇಡಿಸುವವರಿಗೆ ನಾಲ್ಕು ಮಾತು. ಕನಿಷ್ಠ ಮೂರು ವಾರ ಮೊದಲು ಹೋಗಿ. ಮದುವೆಯ ದಿನ ಹಾಕುವ ಒಳಉಡುಪು ಮತ್ತು ಚಪ್ಪಲಿ ಜೊತೆಗೆ ಒಯ್ಯಿರಿ, ಇಲ್ಲದಿದ್ದರೆ ಅಳತೆ ತಪ್ಪುತ್ತದೆ. ಗೌನಿನ ಉದ್ದ ಕಡಿಮೆ ಮಾಡಿಸಿದ್ದರೆ ಕತ್ತರಿಸಿದ ಬಟ್ಟೆ, ಲೇಸು ಬಿಸಾಡಬೇಡಿ, ಅದಕ್ಕಿಂತ ಹೊಂದುವ ಬಣ್ಣ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ತೊಡಿಸಿ ನೋಡುವಾಗ ಕನ್ನಡಿ ಮುಂದೆ ಸುಮ್ಮನೆ ನಿಲ್ಲಬೇಡಿ, ಎರಡೂ ಕೈ ಎತ್ತಿ, ಕೂತು, ಬಗ್ಗಿ ನೋಡಿ. ಮತ್ತು ಹೇಗೆ ಬೇಕು ಅಂತ ಹಾಕಿಕೊಳ್ಳುವವಳು ಹೇಳಲಿ.

ಈ ವರ್ಷ ನಮ್ಮ ಜಗಲಿಯ ಗೋಡೆಗೆ ಒಂದು ರಟ್ಟು ಅಂಟಿಸಿದ್ದೇನೆ. ಅಕ್ಷರ ನನ್ನದು, ರೇಟು ಅಮ್ಮನದು. ‘ಗೌನಿಗೆ ತೋಳು: ಗಂಟೆಗೆ 80 ರೂಪಾಯಿ. ಅರ್ಧ ಮುಂಗಡ. ಮದುವೆಗೆ 3 ವಾರ ಮೊದಲು ತರಬೇಕು.’ ಅದನ್ನು ಓದಿ ಇಬ್ಬರು ಕವರ್ ಎತ್ತಿಕೊಂಡು ವಾಪಸ್ ಹೋದರು. ಒಬ್ಬರು ಮುಂಗಡ ಕೊಟ್ಟು ಹೋದರು. ಅಮ್ಮ ಇನ್ನೂ ರಟ್ಟು ತೆಗೆದಿಲ್ಲ.