ಎಷ್ಟು ಬಿಗಿದರೆ ಬಿಗಿ?

ಕಳೆದ ಮಳೆಗಾಲದ ಒಂದು ಸಂಜೆ ಮಗಳನ್ನು ಹಿಂದೆ ಕೂರಿಸಿಕೊಂಡು ನಂಜನಗೂಡಿನಿಂದ ಮೈಸೂರಿಗೆ ಬರುತ್ತಿದ್ದೆ. ಮೋಟಾರು ಸೈಕಲ್ಲು ಓಲಾಡುತ್ತಿದೆಯೆಂದು ಮೊದಲು ಹೇಳಿದವಳು ಅವಳು. ರಸ್ತೆಯ ದೋಷವೆಂದು ತಳ್ಳಿಹಾಕಿದವನು ನಾನು. ತಿರುವೊಂದರಲ್ಲಿ ಗಾಡಿ ಹಿಡಿತಕ್ಕೆ ಸಿಕ್ಕದೆ ಹೊರಳಿದಾಗ ನಿಲ್ಲಿಸಿ ಬಗ್ಗಿ ನೋಡಿದೆ. ಹಿಂಬದಿಯ ಅಚ್ಚಿನ ತುದಿಯ ನಟ್ಟು ಬೆರಳಿಗೇ ತಿರುಗುವಷ್ಟು ಸಡಿಲವಾಗಿತ್ತು. ಅದಕ್ಕೆ ಅಡ್ಡಲಾಗಿ ಇರಬೇಕಾಗಿದ್ದ ಪಿನ್ನು ಇರಲೇ ಇಲ್ಲ. ಲಾರಿಯವರೊಬ್ಬರು ನಿಲ್ಲಿಸಿ, ಸ್ಪ್ಯಾನರನ್ನೂ ಒಂದು ತುಂಡು ತಂತಿಯನ್ನೂ ಕೊಟ್ಟುದರಿಂದ ಮನೆ ಸೇರಿದೆವು.

ಎರಡು ದಿನದ ಹಿಂದೆಯಷ್ಟೇ ಚಕ್ರ ಬಿಚ್ಚಿಸಿ ಪಂಕ್ಚರ್ ಹಾಕಿಸಿದ್ದೆ. ತಪ್ಪನ್ನೆಲ್ಲ ಆ ಅಂಗಡಿಯ ಹುಡುಗನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅವನ ಪಕ್ಕದಲ್ಲಿ ನಿಂತು, “ಬೇಗ ಆಗಲಪ್ಪ, ಕಾಲೇಜಿಗೆ ಹೊತ್ತಾಯಿತು” ಎಂದು ಮೂರು ಬಾರಿ ಅವಸರಪಡಿಸಿದವನು ನಾನೇ ಅಲ್ಲವೆ?

ನಮ್ಮ ಬೀದಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿದ ಹಿರಿಯರೊಬ್ಬರಿದ್ದಾರೆ. 1961ರಲ್ಲಿ ಮೋಟಾರು ಸೈಕಲ್ಲುಗಳನ್ನು ಹೊರತರತೊಡಗಿ 1996ರಲ್ಲಿ ಬಾಗಿಲು ಮುಚ್ಚಿದ ಆ ಕಾರ್ಖಾನೆಯ ಹೆಸರೆತ್ತಿದರೆ ಇಂದಿಗೂ ಅವರ ಮುಖ ಅರಳುತ್ತದೆ. ನನ್ನ ಕಥೆ ಕೇಳಿ ಅವರು ಹೇಳಿದುದು ಇಷ್ಟು: “ಬೋಲ್ಟು ಅಂದ್ರೆ ಮೊಳೆ ಅಲ್ಲ ಮೇಷ್ಟ್ರೇ, ಸ್ಪ್ರಿಂಗು.”

ಈ ಮಾತು ನನಗೆ ಹೊಸದು. ಬಿಗಿಯುವಾಗ ಬೋಲ್ಟು ಕೂದಲೆಳೆಯಷ್ಟು ಹಿಗ್ಗುತ್ತದೆಯಂತೆ. ಮರಳಿ ಕುಗ್ಗಲು ಅದು ಎಳೆಯುವ ಸೆಳೆತವೇ ಬಿಡಿಭಾಗಗಳನ್ನು ಒತ್ತಿ ಹಿಡಿಯುತ್ತದೆ. ಸೆಳೆತ ಸಾಲದಿದ್ದರೆ ಅಲುಗಾಟಕ್ಕೆ ಭಾಗಗಳು ಅತ್ತಿತ್ತ ಜಾರಿ, ನಟ್ಟು ತಾನಾಗಿ ಹಿಂದಕ್ಕೆ ಸುತ್ತುತ್ತದೆ. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ ಇದನ್ನು ಪ್ರಯೋಗದಿಂದ ತೋರಿಸಿದ. ನಾವು ಬಲವಾಗಿ ನಂಬಿರುವ ಸ್ಪ್ರಿಂಗ್ ವಾಷರು ಇಂಥ ಅಲುಗಾಟವನ್ನು ತಡೆಯಲಾರದು. ಹಾಗೆಂದು ಸ್ಪ್ಯಾನರಿನ ಮೇಲೆ ಕಾಲಿಟ್ಟು ತುಳಿದರೆ ಬೋಲ್ಟು ಎಲ್ಲೆ ಮೀರಿ ಹಿಗ್ಗಿ ಮತ್ತೆ ಕುಗ್ಗದೆ ಹೋಗುತ್ತದೆ, ಇಲ್ಲವೆ ತಿರುಪಿನ ಸುತ್ತುಗಳೇ ಕಿತ್ತುಬರುತ್ತವೆ.

ಕೈಯಂದಾಜು ಸಾಲದೆ ಎಂದು ಕೇಳುವವರುಂಟು. ನಮ್ಮ ತಾಯಂದಿರು ಅಳತೆಯ ಲೋಟವಿಲ್ಲದೆಯೇ ಸಾರು ಮಾಡಲಿಲ್ಲವೆ? ಮಾಡಿದರು, ಆದರೆ ಉಪ್ಪು ತಪ್ಪಿದರೆ ಕೆಡುವುದು ಒಂದು ಊಟ. ಅಲ್ಲದೆ ಇಲ್ಲಿ ಕೈಯ ಸಾಕ್ಷ್ಯವೇ ಮೋಸದ್ದು. ನಾವು ಹಾಕುವ ಬಲದಲ್ಲಿ ಹೆಚ್ಚುಕಡಿಮೆ ಅರ್ಧಪಾಲು ನಟ್ಟಿನ ಅಡಿಯ ಉಜ್ಜಾಟಕ್ಕೂ, ಉಳಿದುದರಲ್ಲಿ ಬಹುಪಾಲು ತಿರುಪಿನೊಳಗಣ ಉಜ್ಜಾಟಕ್ಕೂ ತೀರಿಹೋಗುತ್ತದೆ. ಸೆಳೆತವಾಗಿ ಉಳಿಯುವುದು ಹತ್ತರಲ್ಲೊಂದು ಪಾಲು. ತುಕ್ಕು ಹಿಡಿದ ಬೋಲ್ಟು ಕಿರುಗುಟ್ಟುತ್ತ ಬಿಗಿಯಾದಂತೆ ನಟಿಸುತ್ತದೆ. ಎಣ್ಣೆ ಬಿದ್ದ ಬೋಲ್ಟು ಅದೇ ಬಲಕ್ಕೆ ಅತಿಯಾಗಿ ಬಿಗಿಯುತ್ತದೆ. ಆದುದರಿಂದಲೇ ಗಾಡಿ ತಯಾರಿಸಿದವರು ಯಾವ ಬೋಲ್ಟಿಗೆ ಎಷ್ಟು ನ್ಯೂಟನ್ ಮೀಟರ್ ಎಂದು ಕೈಪಿಡಿಯಲ್ಲಿ ಅಚ್ಚುಹಾಕಿಸುತ್ತಾರೆ. ಆ ಅಂಕಿಗೆ ಹೊಂದಿಸಿದ ಟಾರ್ಕ್ ರೆಂಚು, ಬಲ ಅಲ್ಲಿಗೆ ಮುಟ್ಟಿದೊಡನೆ ‘ಟಿಕ್’ ಎನ್ನುತ್ತದೆ. ಅಲ್ಲಿಗೆ ಕೈ ತೆಗೆಯಬೇಕು.

ಇನ್ನು ಪಿನ್ನಿನ ವಿಚಾರ. ಅದನ್ನು ತೊಡಿಸುವ ನಟ್ಟಿನ ಅಂಚನ್ನು ಅಲ್ಲಲ್ಲಿ ಕಡಿದಿರುತ್ತಾರೆ; ಆದ್ದರಿಂದ ಅದಕ್ಕೆ ಕ್ಯಾಸಲ್ ನಟ್ ಎಂದು ಹೆಸರು. ನಮ್ಮ ಹಳೆಯ ಕವಿಗಳು ಪುರವರ್ಣನೆಯಲ್ಲಿ ಕಾಣಿಸುವ ಕೋಟೆಯ ತೆನೆ ಇದೇ ಅಲ್ಲವೆ ಎಂದು ನಾನು ಹಿಗ್ಗಿದೆ. ಹಿರಿಯರು ನಗಲಿಲ್ಲ. ಪಿನ್ನು ನಟ್ಟನ್ನು ಬಿಗಿಯುವುದಿಲ್ಲ, ಕಳಚಿಹೋಗದಂತೆ ತಡೆಯುತ್ತದೆ, ಅಷ್ಟೆ ಎಂದರು. ತೂತಿಗೆ ತೆನೆಯ ಸಂದು ಹೊಂದದಿದ್ದರೆ ನಟ್ಟನ್ನು ಹಿಂದಕ್ಕೆ ಸಡಿಲಿಸಬಾರದು, ಮುಂದಿನ ಸಂದಿಗೆ ಬಿಗಿಯಬೇಕು. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಮಡಿಸಿದರೆ ಅದು ಮುರಿಯುವುದು ಖಂಡಿತ. ಪ್ರತಿಸಲವೂ ಹೊಸದೇ ಬೇಕು. ಪಿನ್ನಿಗೆ ಬದಲಾಗಿ ಒಳಗೆ ನೈಲಾನಿನ ಬಳೆಯಿರುವ ನಟ್ಟು ಹಲವು ಗಾಡಿಗಳಲ್ಲಿದೆ. ಅದು ಕೊನೆಯವರೆಗೂ ಬೆರಳಿನಿಂದಲೇ ಸುತ್ತಿಹೋಗುವಷ್ಟು ಸವೆದಿದ್ದರೆ ಎಸೆದುಬಿಡಬೇಕು.

ರಸ್ತೆಬದಿಯ ಪಂಕ್ಚರ್ ಅಂಗಡಿಯವನು ಸಾವಿರಾರು ರೂಪಾಯಿಯ ರೆಂಚು ಕೊಂಡಿಡಲೆಂದು ನಾನು ಹೇಳಲಾರೆ. ಹೊಸ ಪಿನ್ನುಗಳ ಒಂದು ಡಬ್ಬಿಯನ್ನಂತೂ ಇಡಬಹುದು. ಹಿಂದಿನ ಸಲಕ್ಕಿಂತ ಹತ್ತು ರೂಪಾಯಿ ಹೆಚ್ಚು ಕೇಳಿದರೆ ನಾವು ಮುಖ ಸಿಂಡರಿಸದೆ ಕೊಡೋಣ. ದೊಡ್ಡ ಗ್ಯಾರೇಜಿನವರಿಗೆ ಮಾತ್ರ ಈ ರಿಯಾಯಿತಿ ಸಲ್ಲದು: ಚಕ್ರ ಬಿಚ್ಚಿದವರು ಎಷ್ಟು ಅಳತೆಗೆ ಬಿಗಿದೆವೆಂದು ಬಿಲ್ಲಿನಲ್ಲಿ ಬರೆದುಕೊಡಲಿ. ಎಣ್ಣೆಯ ಬೆಲೆಯನ್ನು ಪೈಸೆ ಬಿಡದೆ ಬರೆಯುವವರಿಗೆ ಇದೊಂದು ಸಾಲು ಭಾರವಾಗದು.

ನಮ್ಮ ಗಾಡಿಯ ನಟ್ಟಿನಿಂದ ಅಚ್ಚಿನ ತುದಿಗೆ ಮಗಳು ತನ್ನ ಉಗುರುಬಣ್ಣದಿಂದ ಒಂದು ಗೆರೆ ಎಳೆದಿದ್ದಾಳೆ. ನಟ್ಟು ಸ್ವಲ್ಪ ಸರಿದರೂ ಗೆರೆ ಮುರಿದು ಕಾಣುತ್ತದೆ. ಅದನ್ನು ಬಗ್ಗಿ ನೋಡಿದ ಮೇಲೆಯೇ ಅವಳು ಹಿಂದೆ ಕೂರುವುದು. ಕಾಲೇಜಿಗೆ ಎಷ್ಟೇ ಹೊತ್ತಾಗಿದ್ದರೂ ಈಗ ನಾನು ಅವಸರಪಡಿಸುವುದಿಲ್ಲ.