ಕುಂಡದಲ್ಲಿಟ್ಟ ಮರ

ಮನೆಯೊಳಗೆ ಗಿಡವಿಡುವ ಹವ್ಯಾಸ ಈಗ ದೊಡ್ಡ ಪೇಟೆಯವರಿಗಷ್ಟೇ ಮೀಸಲಾಗಿ ಉಳಿದಿಲ್ಲ. ಮೂರು ವರ್ಷಗಳ ಹಿಂದೆ ನಾನು ಕಾಸರಗೋಡಿನ ಕಡೆಗೆ ಬಂದಿದ್ದಾಗ, ಕುಂಬಳೆ ಬದಿಯಡ್ಕಗಳ ನಡುವೆ ಹೋದ ಮನೆಗಳಲ್ಲೆಲ್ಲ ಸಿಟೌಟಿನ ಮೂಲೆಯಲ್ಲೊಂದು ಚಟ್ಟಿ, ಅದರಲ್ಲಿ ಅಗಲವಾದ ದಪ್ಪ ಎಲೆಯ ರಬ್ಬರ್ ಗಿಡ ಕಂಡೆ. ನಮ್ಮ ವಾಗದರಿಯಲ್ಲೂ ಹೊಸದಾಗಿ ಸ್ಲ್ಯಾಬು ಹಾಕಿಸಿದ ಮನೆಗಳಿಗೆ ಅದೇ ಗಿಡ ಬಂದಿದೆ. ಎರಡೂ ಕಡೆ ಕೇಳಿದ ದೂರು ಒಂದೇ: “ಒಳಗಿಟ್ಟರೆ ಬದುಕುವುದಿಲ್ಲ.”

ನನ್ನ ಅಭಿಪ್ರಾಯ ಬೇರೆ. ಒಳಗಿಟ್ಟ ಗಿಡ ತಾನಾಗಿ ಸಾಯುವುದು ಅಪರೂಪ. ನಾವು ಅದನ್ನು ಕೊಲ್ಲುತ್ತೇವೆ. ಅದೂ ದ್ವೇಷದಿಂದಲ್ಲ, ಪ್ರೀತಿಯಿಂದ. ಈ ಮಾತನ್ನು ಸ್ವಲ್ಪ ವಿವರಿಸಬೇಕೆಂದು ಈ ಲೇಖನ.

ವಾಗದರಿ ಎಲ್ಲಿ ಎಂದು ಓದುಗರು ಕೇಳಬಹುದು. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟೆ ತಾಲೂಕು. ಕಚೇರಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ೧೯೬೭ರಲ್ಲಿ ಮಹಾಜನ ಆಯೋಗ ತನ್ನ ವರದಿ ಕೊಟ್ಟಾಗ, ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ನಿಮ್ಮ ನೆಲವನ್ನೂ ನಮ್ಮ ಅಕ್ಕಲಕೋಟೆಯನ್ನೂ ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಹೇಳಿತ್ತು. ಅದು ಕಾಗದದಲ್ಲೇ ಉಳಿಯಿತು. ಆ ವಾದ ಇಲ್ಲಿ ಬೇಡ. ಒಂದೇ ಪಟ್ಟಿಯಲ್ಲಿದ್ದವರು ಎಂಬ ಸಲಿಗೆಯಿಂದ ಬರೆಯುತ್ತಿದ್ದೇನೆ, ಅಷ್ಟೆ.

ಮೊದಲು ಈ ಗಿಡದ ಕುಲಗೋತ್ರ ತಿಳಿಯುವುದು ಒಳ್ಳೆಯದು. ನಿಮ್ಮ ಗುಡ್ಡಗಳಲ್ಲಿ ಸಾಲಾಗಿ ನಿಂತು ಚಿಪ್ಪಿಗೆ ಹಾಲಿಳಿಸುವ ರಬ್ಬರ್ ಮರ ಇದಲ್ಲ. ಅದು ಬ್ರೆಜಿಲ್ ದೇಶದ್ದು. ೧೮೭೬ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಆಂಗ್ಲ ಅದರ ಬೀಜವನ್ನು ಲಂಡನ್ನಿನ ಕ್ಯೂ ತೋಟಕ್ಕೆ ಒಯ್ದ. ಅಲ್ಲಿಂದ ಅದು ಏಷ್ಯಕ್ಕೆ ಬಂತು. ಒಂದು ತೊಟ್ಟಿಗೆ ಮೂರು ಎಲೆ. ಔಡಲ, ಮರಗೆಣಸುಗಳ ಬಂಧು. ಕುಂಡದ ರಬ್ಬರ್ ಗಿಡವಾದರೋ ನಮ್ಮ ದೇಶದ್ದೇ. ಅಸ್ಸಾಮು, ಮೇಘಾಲಯಗಳಿಂದ ಬರ್ಮಾ, ಮಲಯ, ಜಾವಾಗಳವರೆಗಿನ ಮಳೆಗಾಡು ಅದರ ತವರು. ಒಂಟಿ ಎಲೆ, ಚಿಗುರನ್ನು ಮುಚ್ಚಿಕೊಂಡು ಕೆಂಪು ಸಿಪ್ಪೆ. ಆಲ, ಅರಳಿ, ಅತ್ತಿ, ಬಸರಿಗಳೆಲ್ಲ ಅದರ ಅಣ್ಣತಮ್ಮಂದಿರು. ನೀವು ಗೋಳಿ ಎನ್ನುವ ಮರವೂ, ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದೇವಸ್ಥಾನಕ್ಕೆ ವಟವೃಕ್ಷವೆಂಬ ಹೆಸರು ತಂದುಕೊಟ್ಟ ಆಲವೂ ಒಂದೇ ಮನೆತನ. ಬ್ರೆಜಿಲ್ಲಿನ ಮರ ಗೆಲ್ಲುವ ಮೊದಲು ರಬ್ಬರಿಗಾಗಿ ಇದನ್ನೇ ನಂಬಿದ್ದರು. ೧೮೭೩ರ ಸುಮಾರಿಗೆ ಅಸ್ಸಾಮಿನ ಚಾರ್‌ದುವಾರದಲ್ಲಿ ಸರಕಾರ ಇದರ ತೋಟವನ್ನೇ ಎಬ್ಬಿಸಿತ್ತು.

ತವರಿನಲ್ಲಿ ಇದು ನೂರು ಅಡಿ ಏರುವ ಮರ. ಮೇಘಾಲಯದ ಖಾಸಿ ಜನ ಇದರ ಬಿಳಲುಗಳನ್ನು ಹಳ್ಳದ ಆಚೆಗೆ ಎಳೆದು, ಹೆಣೆದು, ಜೀವಂತ ಸೇತುವೆ ಮಾಡಿಕೊಂಡಿದ್ದಾರೆ. ಒಬ್ಬನು ಆರಂಭಿಸಿದ ಸೇತುವೆಯ ಮೇಲೆ ಅವನ ಮೊಮ್ಮಕ್ಕಳು ನಡೆಯುತ್ತಾರೆ. ೨೦೨೨ರಲ್ಲಿ ಈ ಸೇತುವೆಗಳು ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದವು. ಅಂತಹ ಮರವನ್ನು ನಾವು ಒಂದು ಗೇಣಗಲದ ಕುಂಡದಲ್ಲಿ ಕೂರಿಸಿ, ಟಿ.ವಿ. ಪಕ್ಕದಲ್ಲಿಟ್ಟು, ಪೀಠೋಪಕರಣದ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೇವೆ. ತೊಂದರೆ ಆರಂಭವಾಗುವುದು ಅಲ್ಲಿಂದಲೇ.

ನನ್ನ ಮೊದಲ ಗಿಡ ಪೇಟೆಯ ಅಂಗಡಿಯೊಂದರಿಂದ ಬಂದದ್ದು. ನಾಲ್ಕು ತಿಂಗಳಲ್ಲಿ ಸತ್ತಿತು. ತಪ್ಪು ಅಂಗಡಿಯವನದಲ್ಲ, ನನ್ನದು. ಬರದ ಊರಿನಲ್ಲಿ ಹುಟ್ಟಿದವನಿಗೆ ನೀರೇ ಪ್ರೀತಿ. ದಿನವೂ ಬೆಳಿಗ್ಗೆ ಒಂದು ತಂಬಿಗೆ ಸುರಿದೆ. ಎಲೆ ಹಳದಿಯಾಗಿ ಜೋತಿತು. ಬಾಯಾರಿಕೆಯೆಂದು ತಿಳಿದು ಎರಡು ತಂಬಿಗೆ ಸುರಿದೆ. ಕಿತ್ತು ನೋಡಿದರೆ ಬೇರು ಕಪ್ಪಾಗಿ ಕೊಳೆತಿತ್ತು. ಬೇರಿಗೂ ಉಸಿರು ಬೇಕು. ಮಣ್ಣಿನ ಸಂದುಗಳಲ್ಲಿ ಗಾಳಿಯಿರಬೇಕಾದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಮೇಲೆತ್ತಲಾರದು, ಎಲೆ ಜೋಲುತ್ತದೆ. ಜೋತ ಎಲೆಯನ್ನು ಕಂಡ ಯಜಮಾನ ಮತ್ತಷ್ಟು ಸುರಿಯುತ್ತಾನೆ. ಒಳಗಿನ ಗಿಡಗಳಲ್ಲಿ ಹೆಚ್ಚಿನವು ಸಾಯುವ ದಾರಿ ಇದೇ.

ಎರಡನೆಯದು ನಿಮ್ಮ ಊರಿನ ಕೊಡುಗೆ. ಬದಿಯಡ್ಕದ ಹತ್ತಿರದ ಮನೆಯೊಂದರಲ್ಲಿ ಅಮ್ಮ ಒಬ್ಬರು ಗೂಟಿ ಕಟ್ಟಿ ಬೇರು ಬರಿಸಿದ್ದ ಕೊಂಬೆಯೊಂದನ್ನು ಕಾಗದದಲ್ಲಿ ಸುತ್ತಿ ಕೈಗಿತ್ತು, “ನೀರು ಜಾಸ್ತಿ ಹಾಕ್ಲಿಕ್ಕೆ ಹೋಗ್ಬೇಡಿ ಮಾಷ್ಟ್ರೇ, ಮಣ್ಣು ಮುಟ್ಟಿ ನೋಡಿ ಹಾಕಿ” ಎಂದರು. ಎರಡು ರೈಲು, ಎರಡು ಬಸ್ಸು ಹತ್ತಿ ಅದು ವಾಗದರಿಗೆ ಬಂತು. ಮೂರು ವರ್ಷವಾಯಿತು, ಈಗ ನನ್ನ ಎದೆಯೆತ್ತರಕ್ಕಿದೆ. ಆ ಅಮ್ಮನ ಒಂದು ಮಾತಿನಲ್ಲಿ ಇಡೀ ವಿದ್ಯೆಯೇ ಅಡಗಿದೆ.

ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಬೇಕು. ತೇವ ಹತ್ತಿದರೆ ನೀರು ಬೇಡ. ಒಣಗಿದ್ದರೆ ಕೆಳಗಿನ ತೂತಿನಿಂದ ಹೊರಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ಇಂತಿಷ್ಟು ದಿನಕ್ಕೊಮ್ಮೆ ಎಂಬ ಲೆಕ್ಕ ಎಲ್ಲ ಊರಿಗೂ ಸಲ್ಲದು. ನಿಮ್ಮಲ್ಲಿ ವರ್ಷಕ್ಕೆ ಸುಮಾರು ೩೫೦೦ ಮಿಲಿಮೀಟರ್ ಮಳೆ. ನಮ್ಮಲ್ಲಿ ಅದರ ಐದರಲ್ಲೊಂದು ಪಾಲು ಬಿದ್ದರೆ ಅದೇ ಹೆಚ್ಚು. ಆಟಿ ತಿಂಗಳಲ್ಲಿ ನಿಮ್ಮ ಸಿಟೌಟಿನ ಗಿಡ ಹದಿನೈದು ದಿನ ನೀರಿಲ್ಲದೆ ಇದ್ದೀತು. ನಮ್ಮ ಮೇ ತಿಂಗಳ ಬಿಸಿಗಾಳಿಗೆ ನಾಲ್ಕನೆಯ ದಿನಕ್ಕೇ ಕೇಳೀತು.

ಮಣ್ಣಿನ ಮಾತೂ ಹಾಗೆಯೇ. ನಮ್ಮ ಎರೆಮಣ್ಣು ಜೋಳಕ್ಕೆ ಚಿನ್ನ, ಕುಂಡಕ್ಕೆ ಶತ್ರು. ಹಸಿಯಾದರೆ ಅಂಟು, ಒಣಗಿದರೆ ಬಿರುಕು. ಅದಕ್ಕೆ ಗರಸು, ಮರಳು, ಹಳೆಯ ತಿಪ್ಪೆಗೊಬ್ಬರ ಬೆರೆಸಿ ಸಡಿಲ ಮಾಡಿದೆ. ನಿಮ್ಮಲ್ಲಿ ಕೆಂಪುಮಣ್ಣು, ತೆಂಗಿನ ನಾರಿನ ಪುಡಿ, ಒಣಗಿದ ಹಟ್ಟಿಗೊಬ್ಬರ ಕೈಗೆಟಕುವಲ್ಲಿಯೇ ಇವೆ. ಕುಂಡದ ತೂತಿನ ಮೇಲೆ ಹಂಚಿನ ಚೂರೊಂದನ್ನು ಬೋರಲಾಗಿ ಇಡಬೇಕು. ತೂತಿಲ್ಲದ ಚಂದದ ಕುಂಡ ಗಿಡಕ್ಕೆ ಗೋರಿಯೇ ಸರಿ.

ಬೆಳಕಿಗೂ ಸುಲಭದ ಪರೀಕ್ಷೆಯಿದೆ. ಹಗಲಿನಲ್ಲಿ ದೀಪ ಹಾಕದೆ ಎಲ್ಲಿ ಕುಳಿತು ಈ ಪತ್ರಿಕೆಯನ್ನು ಸಲೀಸಾಗಿ ಓದಬಹುದೋ ಅಲ್ಲಿ ಗಿಡವಿರಲಿ. ಪೂರ್ವದ ಕಿಟಕಿ ಉತ್ತಮ. ಪಡುವಣದ ಬಿಸಿಲು ಎಲೆಯನ್ನು ಸುಟ್ಟೀತು. ವಾರಕ್ಕೊಮ್ಮೆ ಕುಂಡವನ್ನು ಸ್ವಲ್ಪ ತಿರುಗಿಸಿದರೆ ಗಿಡ ಒಂದೇ ಕಡೆಗೆ ವಾಲದು. ಒದ್ದೆ ಬಟ್ಟೆಯಿಂದ ಎಲೆಯ ಧೂಳು ಒರೆಸಬೇಕು. ಒರೆಸುವಾಗಲೇ ಎಲೆಯಡಿಯ ಬಿಳಿ ಹಿಟ್ಟು ತಿಗಣೆ ಕಣ್ಣಿಗೆ ಬೀಳುತ್ತದೆ. ಎರಡು ವರ್ಷಕ್ಕೊಮ್ಮೆ ಒಂದು ಅಳತೆ ದೊಡ್ಡ ಕುಂಡ. ತುದಿ ಚಿವುಟಿದರೆ ಕವಲೊಡೆಯುತ್ತದೆ. ಆಗ ಒಸರುವ ಹಾಲು ಕಣ್ಣಿಗೂ ಚರ್ಮಕ್ಕೂ ಒಳ್ಳೆಯದಲ್ಲ, ಮಕ್ಕಳನ್ನು ದೂರವಿಡಬೇಕು. ಗಿಡ ಬೇಸರ ತಂದಿತೆಂದು ಮನೆಯ ಪಕ್ಕದಲ್ಲಿ ನೆಲಕ್ಕೆ ಮಾತ್ರ ನೆಡಬೇಡಿ. ಆಲದ ಮನೆತನದ ಬೇರು ಮುರಕಲ್ಲಿನ ಗೋಡೆಯನ್ನೂ ಬಾವಿಯ ಕಟ್ಟೆಯನ್ನೂ ಬಿಡುವುದಿಲ್ಲ.

ಇದರಿಂದ ಮನೆಯ ಗಾಳಿ ಶುದ್ಧವಾಗುತ್ತದೆಂದು ಮಾರುವವರು ಹೇಳುತ್ತಾರೆ. ೧೯೮೯ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಮುಚ್ಚಿದ ಪೆಟ್ಟಿಗೆಯೊಳಗೆ ಗಿಡಗಳನ್ನಿಟ್ಟು ನಡೆಸಿದ ಪ್ರಯೋಗದಿಂದ ಹುಟ್ಟಿದ ನಂಬಿಕೆ ಅದು. ಮನೆಯೇನು ಮುಚ್ಚಿದ ಪೆಟ್ಟಿಗೆಯೆ? ಅಂತಹ ಪ್ರಯೋಗಗಳನ್ನೆಲ್ಲ ೨೦೧೯ರಲ್ಲಿ ಮತ್ತೆ ಲೆಕ್ಕ ಹಾಕಿ ನೋಡಿದವರು, ಕಿಟಕಿ ಬಾಗಿಲುಗಳಿಂದ ಆಗುವ ಕೆಲಸ ಗಿಡಗಳಿಂದ ಆಗಬೇಕಾದರೆ ಒಂದು ಚದರ ಮೀಟರಿಗೆ ಕನಿಷ್ಠ ಹತ್ತು ಗಿಡವಾದರೂ ಬೇಕೆಂದು ಕಂಡರು. ಆದುದರಿಂದ ಗಾಳಿಗೆ ಕಿಟಕಿ ತೆರೆಯಿರಿ. ಗಿಡವನ್ನು ಗಿಡವೆಂದೇ ಸಾಕಿರಿ.

ಹಾಗಾದರೆ ಇದರಿಂದ ಲಾಭವೇನು? ಈ ಪ್ರಶ್ನೆಯನ್ನು ನನಗೆ ಕೇಳಿದವಳು ವಾಗದರಿಯ ಒಬ್ಬ ಆಯಿ. “ಕುಡಿಯಾಕ ನೀರಿಲ್ಲ, ಇದಕ್ಕೆಲ್ಲಿಂದ ತರ್ತೀರಿ ಸರ? ಹೂವಿಲ್ಲ, ಕಾಯಿಲ್ಲ, ಬರೇ ಎಲಿ. ಅದರ ಬದಲಿ ಒಂದು ಹಿಡಿ ಮೆಂತ್ಯೆ ಹಾಕ್ರಿ.” ಟ್ಯಾಂಕರಿನ ದಾರಿ ಕಾದು ಕೊಡ ಹಿಡಿದು ನಿಂತ ಹೆಂಗಸಿನ ಮಾತನ್ನು ನಗೆಯಾಡುವಂತಿಲ್ಲ. ಆದರೂ ಲೆಕ್ಕ ಹೇಳಿದೆ: ಅಕ್ಕಿ ಬೇಳೆ ತೊಳೆದ ನೀರು, ಬೇಸಿಗೆಯಲ್ಲಿ ವಾರಕ್ಕೆ ಎರಡು ತಂಬಿಗೆ. ಮೆಂತ್ಯೆಗಾದರೆ ದಿನವೂ ಬೇಕು. ಆಯಿ ಒಪ್ಪಲಿಲ್ಲ, “ನೋಡೂಣು” ಎಂದಳು. ಹತ್ತು ಕುಂಡ ಸಾಲಾಗಿಟ್ಟು ಮೆರೆಯುವವರ ವಿಷಯದಲ್ಲಿ ಅವಳ ಮಾತೇ ಸರಿ. ಒಂದು ಮನೆಗೆ ಒಂದು ಗಿಡ ಸಾಕು.

ಲಾಭವೇನೆಂಬುದಕ್ಕೆ ನನಗೆ ಉತ್ತರ ಸಿಕ್ಕಿದ್ದು ತರಗತಿಯಲ್ಲಿ. ಗಿಡ ಈಗ ಪೂರ್ವದ ಕಿಟಕಿಯ ಬಳಿಯಿದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ದಿನವೂ ಬೆರಳಿಟ್ಟು ನೋಡಿ ಒಂದು ನೋಟುಬುಕ್ಕಿನಲ್ಲಿ ಬರೆಯುತ್ತಾಳೆ. “ಇವತ್ತು ಹಸಿ ಅದ. ನೀರು ಹಾಕಿಲ್ಲ.” “ಹೊಸ ಎಲಿ ಬಂತು, ಕೆಂಪು ಟೊಪ್ಪಿಗಿ ಬಿತ್ತು.” ಪರೀಕ್ಷೆಗಲ್ಲದೆ, ಯಾರೂ ಹೇಳದೆ, ಆ ಹುಡುಗಿ ತಾನಾಗಿ ಬರೆಯುತ್ತಿರುವ ಕನ್ನಡ ಪ್ರಾಯಶಃ ಇದೊಂದೇ.

ಓದುಗರು ಆಗಲೇ ಊಹಿಸಿರಬಹುದು. ನಮ್ಮ ಮನೆಗಳ ಕನ್ನಡವೂ ಕುಂಡದಲ್ಲಿಟ್ಟ ಮರವೇ. ಕರ್ನಾಟಕದಲ್ಲಿ ಅದು ನೆಲದ ಮರ. ಒಬ್ಬರು ಮರೆತರೂ ಮಳೆ ಮರೆಯದು. ಇಲ್ಲಿ ಹಾಗಲ್ಲ. ಕುಂಡವೇನೋ ಸಿಕ್ಕಿದೆ: ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿದ ೩೫೦ಎ ವಿಧಿ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ವ್ಯವಸ್ಥೆ ಮಾಡಬೇಕೆನ್ನುತ್ತದೆ, ನಮಗೆ ಪುಣೆಯ ಬಾಲಭಾರತಿ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕಿಸಿಕೊಡುತ್ತದೆ. ಕುಂಡಕ್ಕಾಗಿ ಹೋರಾಡಬೇಕಾದ ದಿನಗಳೂ ಬರುತ್ತವೆ, ಹೋರಾಡೋಣ. ಆದರೆ ಕುಂಡ ತಾನಾಗಿ ಗಿಡವನ್ನು ಸಾಕದು. ನವೆಂಬರ್ ಒಂದರಂದು ಕೊಡಗಟ್ಟಲೆ ಭಾಷಣ ಸುರಿದು ಉಳಿದ ದಿನ ಮಣ್ಣು ಮುಟ್ಟದ ನಮ್ಮ ಪದ್ಧತಿ, ನನ್ನ ಮೊದಲ ಗಿಡಕ್ಕಾದ ಗತಿಯನ್ನೇ ತರುತ್ತದೆ. ಮಗುವಿನ ಕನ್ನಡ ಜೋತಿತೆಂದು ಕಂಡರೆ ಇನ್ನೊಂದು ಸಮಾರಂಭ ಇಡುತ್ತೇವೆ. ಬೇರು ಏನಾಗಿದೆಯೆಂದು ನೋಡುವುದಿಲ್ಲ. ಮಲಯಾಳವನ್ನೋ ಮರಾಠಿಯನ್ನೋ ಮಗು ಚೆನ್ನಾಗಿ ಕಲಿತರೆ ಕನ್ನಡ ಕೆಡುತ್ತದೆಂಬ ಭಯವೂ ಬೇಡ. ಹೊರಗೆ ಹರಿಯಲು ತೂತಿಲ್ಲದ ಕುಂಡದಲ್ಲೇ ಬೇರು ಕೊಳೆಯುವುದು.

ಹೋಲಿಕೆಯನ್ನು ಇದಕ್ಕಿಂತ ಹೆಚ್ಚು ಎಳೆಯಬಾರದು. ನನ್ನ ಕೋರಿಕೆ ಸಣ್ಣದು. ಈ ಸಲ ಮಳೆಗಾಲದ ಆರಂಭದಲ್ಲಿ ನಿಮ್ಮ ರಬ್ಬರ್ ಗಿಡದ ತುದಿ ಕತ್ತರಿಸುವುದಿದ್ದರೆ, ಅದಕ್ಕೆ ಮೊದಲು ಆ ಕೊಂಬೆಗೆ ಒಂದು ಅಂಗುಲ ತೊಗಟೆ ಸುಲಿದು, ತೇವದ ಪಾಚಿಯಿಟ್ಟು, ಪ್ಲಾಸ್ಟಿಕ್ ಸುತ್ತಿ ಗೂಟಿ ಕಟ್ಟಿರಿ. ಒಂದೆರಡು ತಿಂಗಳಲ್ಲಿ ಬೇರು ಬರುತ್ತದೆ. ಅದನ್ನು ಮನೆಯ ಮಗುವಿನ ಕೈಗೋ ಪಕ್ಕದ ಕನ್ನಡ ಶಾಲೆಗೋ ಕೊಡಿರಿ. ಜೊತೆಗೊಂದು ನೋಟುಬುಕ್ಕನ್ನೂ ಕೊಡಿರಿ. ದಿನಕ್ಕೊಂದು ಸಾಲು ಬರೆದರೆ ಸಾಕು. ತಪ್ಪು ಬರೆದರೂ ಚಿಂತೆಯಿಲ್ಲ, ತಿದ್ದಲು ನಾವಿದ್ದೇವೆ.